ಮಂಗಳನ ಗಾಳಿಯನ್ನು ತೂರಿದ್ದು ಯಾರು?

2022ರ ಡಿಸೆಂಬರ್ 26ರಂದು ಮಂಗಳ ಗ್ರಹದ ಬಳಿ ಸೌರ ಮಾರುತ ಹೆಚ್ಚುಕಡಿಮೆ ಮಾಯವಾಯಿತು. ಸೂರ್ಯನಿಂದ ಹಗಲಿರುಳೂ ಬೀಸಿ ಬರುವ ಈ ಕಣಗಳ ಹೊಳೆ ಪೂರ್ತಿ ಬತ್ತಲಿಲ್ಲ, ಆದರೆ ಅದರ ದಟ್ಟಣೆ ಮಾಮೂಲಿನ ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮಂಗಳನನ್ನು ಸುತ್ತುತ್ತಿದ್ದ ನಾಸಾದ ಮೇವನ್ ನೌಕೆ ಆ ಹೊತ್ತಿನಲ್ಲಿ ಕಂಡದ್ದು ಇಷ್ಟು: ಮಂಗಳ ಉಬ್ಬಿತು. ಅದರ ನೆಲವಲ್ಲ, ನೆಲದ ಮೇಲಿನ ದೂಳುಗಾಳಿಯೂ ಅಲ್ಲ. ಎಲ್ಲಕ್ಕಿಂತ ಮೇಲಿರುವ ವಿದ್ಯುದಾವೇಶದ ತೆಳುಪದರವೂ ಅದರ ಸುತ್ತಲಿನ ಕಾಂತೀಯ ಹೊದಿಕೆಯೂ ಸಾವಿರಾರು ಕಿಲೋಮೀಟರ್ ಹೊರಕ್ಕೆ ಹಿಗ್ಗಿ, ಎಂದಿನ ಗಾತ್ರಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದಾದವು. ಹತ್ತಿಯ ಮೂಟೆಯ ಮೇಲೆ ಕುಳಿತವರು ಎದ್ದುಹೋದರೆ ಮೂಟೆ ನಿಧಾನವಾಗಿ ಮೇಲೇಳುತ್ತದಲ್ಲ, ಹಾಗೆ. ಮಾರುತ ಮರಳಿ ಬಂದಾಗ ಮೂಟೆ ಮತ್ತೆ ಒತ್ತಿಹೋಯಿತು.

ಹೀಗೇಕಾಯಿತು ಎಂಬುದಕ್ಕೆ ಕಾರಣ ಸರಳ. ಸೂರ್ಯನಿಂದ ಹೊರಟ ವೇಗದ ಅಲೆಯೊಂದು ಮುಂದೆ ಹೋಗುತ್ತಿದ್ದ ನಿಧಾನದ ಅಲೆಯನ್ನು ಹಿಂದಿನಿಂದ ಹಿಡಿದು, ಅದನ್ನು ತಳ್ಳಿಕೊಂಡು ಹೋಯಿತು. ಅಲೆಗಳೆರಡೂ ಮುಂದೆ ಗುಡ್ಡೆಯಾದವು, ಹಿಂದೆ ಬಯಲಾಯಿತು. ಆ ಬಯಲು ಮಂಗಳನ ಮೇಲೆ ಹಾದುಹೋಗುವಾಗ ಗ್ರಹಕ್ಕೆ ತುಸು ಉಸಿರಾಡಲು ಸಿಕ್ಕಿತು. 1999ರ ಮೇ ತಿಂಗಳಲ್ಲಿ ಭೂಮಿಯ ಬಳಿಯೂ ಸೌರ ಮಾರುತದ ದಟ್ಟಣೆ ಶೇ 98ರಷ್ಟು ಕುಸಿದು, ನಮ್ಮ ಕಾಂತಗೋಳ, ಎಂದರೆ ಭೂಮಿಯ ಸುತ್ತಲಿನ ಕಾಂತೀಯ ಹೊದಿಕೆ, ಎಂದಿನ ಐದಾರು ಪಟ್ಟು ಹಿಗ್ಗಿತ್ತು.

ಇಂಥ ದಿನಗಳು ಅಪರೂಪ. ಅವು ಬಂದಾಗ ಮಾತ್ರ ಉಳಿದೆಲ್ಲ ದಿನಗಳಲ್ಲಿ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಗ್ರಹಗಳ ಮೇಲ್ವಾತಾವರಣ ತನ್ನಷ್ಟಕ್ಕೆ ತಾನು ಆರಾಮಾಗಿ ಹರಡಿಕೊಂಡಿಲ್ಲ. ಅದನ್ನು ಯಾವಾಗಲೂ ಯಾರೋ ಒತ್ತುತ್ತಿದ್ದಾರೆ, ಅಂಚಿನಿಂದ ಚೂರುಚೂರಾಗಿ ಕೀಳುತ್ತಿದ್ದಾರೆ.

ಪತ್ರಿಕೆಗಳಲ್ಲಿ ಈ ಕಥೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಮಂಗಳನ ಕಾಂತಕ್ಷೇತ್ರ ಆರಿಹೋಯಿತು, ಸೌರ ಮಾರುತ ಬಂದು ಅದರ ವಾತಾವರಣವನ್ನು ಊದಿಬಿಟ್ಟಿತು. ಈ ಸಾಲು ಸುಳ್ಳಲ್ಲ. ಆದರೆ ತುದಿಗಳೆರಡನ್ನು ಹೇಳಿ ನಡುವನ್ನು ನುಂಗಿದ ಸಾಲು ಅದು. ಊದುವುದು ಎಂದರೆ ಹೇಗೆ? ಅಷ್ಟು ತೆಳ್ಳಗಿನ ಗಾಳಿ ಒಂದು ಗ್ರಹದ ವಾತಾವರಣವನ್ನು ಹೇಗೆ ಊದೀತು?

ಎಷ್ಟು ತೆಳು ಎಂಬುದನ್ನು ಮೊದಲು ನೋಡೋಣ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ, ಎಂದರೆ ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ, ಅಣುಗಳ ಎಣಿಕೆ 25ರ ಮುಂದೆ ಹದಿನೆಂಟು ಸೊನ್ನೆ. ಭೂಮಿಯ ಬಳಿ ಸೌರ ಮಾರುತದ ಅಷ್ಟೇ ಜಾಗದಲ್ಲಿ ಇರುವುದು ಐದೋ ಹತ್ತೋ ಕಣ. ಮಂಗಳ ಸೂರ್ಯನಿಂದ ಒಂದೂವರೆ ಪಟ್ಟು ದೂರದಲ್ಲಿರುವುದರಿಂದ ಅಲ್ಲಿ ಎರಡೋ ಮೂರೋ. ನಮ್ಮ ಪ್ರಯೋಗಾಲಯಗಳು ನಿರ್ವಾತ ಎಂದು ಕರೆಯುವ ಸ್ಥಿತಿ ಇದರ ಮುಂದೆ ಜಾತ್ರೆಯ ಜನಜಂಗುಳಿ. ಈ ಕಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು ಮತ್ತು ಎಲೆಕ್ಟ್ರಾನ್‌ಗಳು, ಜೊತೆಗೆ ತುಸು ಹೀಲಿಯಂ. ವೇಗ ಮಾತ್ರ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಬೆಂಗಳೂರಿನಲ್ಲಿ ಬಸ್ ಹತ್ತಿ ಒಂದು ಸೆಕೆಂಡಿನಲ್ಲಿ ಹುಬ್ಬಳ್ಳಿಯಲ್ಲಿ ಇಳಿದಂತೆ. ಬಿರುಸಾದಾಗ ಇದು 800ರವರೆಗೂ ಏರುತ್ತದೆ.

ಸೂರ್ಯನಿಂದ ಏನೋ ಬೀಸುತ್ತಿದೆ ಎಂಬ ಗುಮಾನಿ ಮೊದಲು ಹುಟ್ಟಿದ್ದು ಧೂಮಕೇತುಗಳ ಬಾಲದಿಂದ. ಧೂಮಕೇತು ಯಾವ ದಿಕ್ಕಿಗೆ ಹೋಗುತ್ತಿದ್ದರೂ ಅದರ ಬಾಲ ಸೂರ್ಯನಿಗೆ ಬೆನ್ನುಹಾಕಿಯೇ ಇರುತ್ತದೆ. ಬೆಳಕಿನ ಒತ್ತಡವೊಂದೇ ಇದಕ್ಕೆ ಸಾಲದು ಎಂದು ಜರ್ಮನಿಯ ಲುಡ್ವಿಗ್ ಬಿಯರ್‌ಮನ್ 1950ರ ದಶಕದ ಆರಂಭದಲ್ಲಿ ವಾದಿಸಿದರು. 1958ರಲ್ಲಿ ಷಿಕಾಗೋದ ಯುಜೀನ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದರು: ಸೂರ್ಯನ ಹೊರಪದರವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿದೆ; ಅಷ್ಟು ಬಿಸಿಯಾದ ಅನಿಲವನ್ನು ಸೂರ್ಯನ ಗುರುತ್ವವೂ ಹಿಡಿದಿಡಲಾರದು, ಅದು ಹೊರಕ್ಕೆ ಹರಿಯಲೇಬೇಕು. ಪ್ರಬಂಧವನ್ನು ಪರಿಶೀಲಿಸಿದ ಇಬ್ಬರೂ ತಜ್ಞರು ಅದನ್ನು ತಿರಸ್ಕರಿಸಿದರು. ಪತ್ರಿಕೆಯ ಸಂಪಾದಕರಾಗಿದ್ದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಈ ವಿಚಾರ ಅಷ್ಟಾಗಿ ರುಚಿಸಿರಲಿಲ್ಲವಂತೆ, ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲ, ಅಚ್ಚಿಗೆ ಕಳಿಸಿದರು. ನನಗೆ ಚಂದ್ರಶೇಖರ್ ಅವರ ನೊಬೆಲ್‌ಗಿಂತ ಈ ಸಂಪಾದಕೀಯ ತೀರ್ಮಾನವೇ ಹೆಚ್ಚು ಇಷ್ಟ. ನಾಲ್ಕು ವರ್ಷಗಳ ನಂತರ ಶುಕ್ರನತ್ತ ಹೊರಟಿದ್ದ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಈ ಮಾರುತವನ್ನು ಅಳೆದು, ಪಾರ್ಕರ್ ಹೇಳಿದ್ದು ಸರಿ ಎಂದು ಸಾರಿತು.

ಈಗ ಗ್ರಹದ ಕಡೆಗೆ ಬರೋಣ. ವಾತಾವರಣ ಎಂದರೆ ನಮಗೆ ನೆನಪಾಗುವುದು ಮೋಡ, ಮಳೆ, ಗಾಳಿ. ಸೌರ ಮಾರುತಕ್ಕೆ ಇವು ಯಾವುವೂ ಗೊತ್ತಿಲ್ಲ. ಅದು ಮುಟ್ಟುವುದು ಬಹಳ ಮೇಲಿನ ಪದರವನ್ನು, ಮತ್ತು ಆ ಪದರದ ರೀತಿನೀತಿಯೇ ಬೇರೆ. ಮಂಗಳನಲ್ಲಿ ಸುಮಾರು 120 ಕಿಲೋಮೀಟರ್ ಎತ್ತರದವರೆಗೆ ಗಾಳಿ ಕಲಕಿ ಬೆರೆತಿರುತ್ತದೆ. ಅದರ ಮೇಲೆ ಕಲಕುವವರಿಲ್ಲ. ಭಾರದ ಅನಿಲ ಕೆಳಗೆ, ಹಗುರದ್ದು ಮೇಲೆ, ತಮ್ಮ ತಮ್ಮ ತೂಕಕ್ಕೆ ತಕ್ಕಂತೆ ಬೇರ್ಪಡುತ್ತವೆ. ಇನ್ನೂ ಮೇಲೆ, 200 ಕಿಲೋಮೀಟರಿನ ಆಸುಪಾಸಿನಲ್ಲಿ, ಗಾಳಿ ಎಷ್ಟು ವಿರಳವೆಂದರೆ ಒಂದು ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದೇ ಅಪರೂಪ. ಅಲ್ಲಿ ಮೇಲ್ಮುಖವಾಗಿ ಹೊರಟ ಪರಮಾಣು ಕವಣೆ ಕಲ್ಲಿನಂತೆ ಮೇಲೇರಿ ಕೆಳಗೆ ಬೀಳುತ್ತದೆ. ಸೆಕೆಂಡಿಗೆ 5 ಕಿಲೋಮೀಟರ್ ವೇಗವಿದ್ದರೆ ಬೀಳುವುದೇ ಇಲ್ಲ, ಹೊರಟೇ ಹೋಗುತ್ತದೆ. ಭೂಮಿಯಿಂದ ಹೀಗೆ ಪಾರಾಗಲು 11.2 ಕಿಲೋಮೀಟರ್ ವೇಗ ಬೇಕು. ಮಂಗಳನ ಬೇಲಿ ಗಿಡ್ಡ.

ಇಲ್ಲಿ ಒಂದು ಗುಟ್ಟಿದೆ. ಆವೇಶವಿಲ್ಲದ ಪರಮಾಣುವಿಗೆ ಸೌರ ಮಾರುತದ ಹಂಗೇ ಇಲ್ಲ. ಪ್ರೋಟಾನ್‌ಗಳು ಅಷ್ಟು ವಿರಳವಾಗಿರುವಾಗ ನೇರ ಡಿಕ್ಕಿಗೆ ಅವಕಾಶ ತೀರ ಕಡಿಮೆ, ಎರಡೂ ಒಂದರ ನಡುವೆ ಇನ್ನೊಂದು ಹಾದುಹೋಗುತ್ತವೆ. ಮಾರುತದ ಕೈಗೆ ಪರಮಾಣು ಸಿಗಬೇಕಾದರೆ ಮೊದಲು ಅದು ವಿದ್ಯುದಾವೇಶ ಪಡೆಯಬೇಕು. ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಸೂರ್ಯನ ಬೆಳಕು, ಅದರಲ್ಲೂ ತೀವ್ರ ಅತಿನೇರಳೆ ಕಿರಣಗಳು. ಅವು ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಹಾಕುತ್ತವೆ. ಉಳಿದದ್ದು ಅಯಾನು. ಹೀಗೆ ಅಯಾನುಗಳು ತುಂಬಿದ ಪದರವೇ ಅಯಾನುಗೋಳ. ಬೆಳಕು ಟಿಕೆಟ್ ಕೊಡುತ್ತದೆ, ಮಾರುತ ಬಸ್ಸು ಓಡಿಸುತ್ತದೆ.

ಬಸ್ಸು ಹೇಗೆ ಹತ್ತಿಸಿಕೊಳ್ಳುತ್ತದೆ? ಸೌರ ಮಾರುತ ಬರಿಗೈಯಲ್ಲಿ ಬರುವುದಿಲ್ಲ. ಸೂರ್ಯನ ಕಾಂತಕ್ಷೇತ್ರದ ಎಳೆಗಳನ್ನು ತನ್ನೊಡನೆ ಹೊತ್ತು ತರುತ್ತದೆ. ಮಂಗಳನ ಅಯಾನುಗೋಳ ವಿದ್ಯುತ್ತನ್ನು ಹರಿಸಬಲ್ಲದು. ಆದ್ದರಿಂದ ಹೊರಗಿನ ಕಾಂತಕ್ಷೇತ್ರ ಎದುರಿಗೆ ಬಂದೊಡನೆ ಅದರೊಳಗೆ ವಿದ್ಯುತ್ ಪ್ರವಾಹಗಳು ಹುಟ್ಟಿ, ಒಳನುಗ್ಗುವ ಕ್ಷೇತ್ರವನ್ನು ತಡೆಯುತ್ತವೆ. ಹೊಳೆಯ ನಡುವಿನ ಬಂಡೆಗೆ ಪಾಚಿಯ ಎಳೆಗಳು ಸಿಕ್ಕಿಕೊಂಡು ಎರಡೂ ಬದಿಗೆ ಜೋಲುವುದನ್ನು ನೋಡಿರಬಹುದು. ಕಾಂತಕ್ಷೇತ್ರದ ಎಳೆಗಳೂ ಮಂಗಳನ ಮುಂಬದಿಯಲ್ಲಿ ಹಾಗೆಯೇ ಒತ್ತೊತ್ತಾಗಿ ಪೇರಿಕೊಂಡು, ಗ್ರಹದ ಎರಡೂ ಪಕ್ಕದಲ್ಲಿ ಹಿಂದಕ್ಕೆ ಜೋಲುತ್ತವೆ. ಸ್ವಂತ ಕಾಂತಕ್ಷೇತ್ರವಿಲ್ಲದ ಗ್ರಹಕ್ಕೆ ಇದು ಎರವಲು ಕವಚ. ಡಿಸೆಂಬರ್ 26ರಂದು ಹಿಗ್ಗಿದ್ದು ಇದೇ. ಭೂಮಿಯ ಕವಚ ಸೂರ್ಯನ ಕಡೆಗೆ ಸುಮಾರು 65,000 ಕಿಲೋಮೀಟರ್ ಆಚೆ ಶುರುವಾಗುತ್ತದೆ. ಮಂಗಳನಲ್ಲಿ ಮಾರುತ ಕೆಲವು ನೂರು ಕಿಲೋಮೀಟರಿನಷ್ಟು ಹತ್ತಿರಕ್ಕೆ ಬಂದು ಹೊಸ್ತಿಲಲ್ಲೇ ನಿಲ್ಲುತ್ತದೆ.

ಆದರೆ ಮಂಗಳನ ಹಗುರ ಅನಿಲಗಳು ಈ ಕವಚದ ಆಚೆಗೂ ಚಾಚಿಕೊಂಡಿವೆ. ಅಲ್ಲಿ ಒಂದು ಆಮ್ಲಜನಕದ ಪರಮಾಣು ಮೆಲ್ಲಗೆ ತೇಲುತ್ತಿದೆ ಎಂದುಕೊಳ್ಳಿ. ಅತಿನೇರಳೆ ಕಿರಣ ಬಡಿದು ಅದು ಅಯಾನಾಯಿತು. ಅದೇ ಕ್ಷಣಕ್ಕೆ ಅದರ ಲೋಕ ಬದಲಾಯಿತು. ಹಾದುಹೋಗುತ್ತಿರುವ ಕಾಂತಕ್ಷೇತ್ರ ಅದಕ್ಕೆ ವಿದ್ಯುತ್ ಕ್ಷೇತ್ರವಾಗಿ ಕಾಣುತ್ತದೆ, ಎಳೆಯುತ್ತದೆ. ಓಡುವ ಬಸ್ಸಿನ ಕಂಬಿಗೆ ಕೈ ಸಿಕ್ಕಿಕೊಂಡವನ ಗತಿ ಅದರದು. ಅದು ನೇರವಾಗಿಯೂ ಹೋಗುವುದಿಲ್ಲ. ಸೈಕಲ್ಲಿನ ಟೈರಿಗೆ ಅಂಟಿದ ಹಸಿಮಣ್ಣಿನ ಚೂರು, ಸೈಕಲ್ ಮುಂದೆ ಹೋದಂತೆ ಗಾಳಿಯಲ್ಲಿ ಕಮಾನು ಕಮಾನಾಗಿ ಹಾದಿ ಬರೆಯುತ್ತದಲ್ಲ, ಅಂಥದೇ ಹಾದಿ. ಆ ಚೂರು ಚಕ್ರದ ತುದಿಯಲ್ಲಿರುವಾಗ ಸೈಕಲ್ಲಿಗಿಂತ ಎರಡು ಪಟ್ಟು ವೇಗದಲ್ಲಿರುತ್ತದೆ. ಅಯಾನು ಕೂಡ ಕಮಾನಿನ ತುದಿಯಲ್ಲಿ ಸೌರ ಮಾರುತದ ಎರಡು ಪಟ್ಟು ವೇಗ ಮುಟ್ಟಬಹುದು. ಪಾರಾಗಲು ಬೇಕಾದ 5 ಕಿಲೋಮೀಟರ್ ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಈ ಚಕ್ರದ ಅಳತೆಯನ್ನು ಒಮ್ಮೆ ನೋಡಬೇಕು. ಮಂಗಳನ ಬಳಿ ಸೂರ್ಯನ ಕಾಂತಕ್ಷೇತ್ರ ಬಹಳ ದುರ್ಬಲ, ಆಮ್ಲಜನಕದ ಅಯಾನು ಭಾರ. ಹಾಗಾಗಿ ಅದು ಸುತ್ತುವ ವೃತ್ತದ ತ್ರಿಜ್ಯ ಸುಮಾರು 20,000 ಕಿಲೋಮೀಟರ್ ಆಗಬಹುದು. ಮಂಗಳನ ತ್ರಿಜ್ಯವೇ 3,390 ಕಿಲೋಮೀಟರ್. ಚಕ್ರ ಗ್ರಹಕ್ಕಿಂತ ದೊಡ್ಡದು! ಆದ್ದರಿಂದ ಹೊರಟ ಅಯಾನುಗಳೆಲ್ಲ ಪಾರಾಗುವುದಿಲ್ಲ. ಗ್ರಹದ ಒಂದು ಬದಿಯಲ್ಲಿ ಹೊರಟವು ಧ್ರುವದ ಮೇಲಿನ ಜುಟ್ಟಿನಂತೆ ಬಾಹ್ಯಾಕಾಶಕ್ಕೆ ಹಾರಿಹೋಗುತ್ತವೆ. ಮೇವನ್ ಈ ಜುಟ್ಟನ್ನು ಅಳೆದಿದೆ. ಇನ್ನೊಂದು ಬದಿಯವು ತಮ್ಮ ಕಮಾನಿನ ಇಳಿಜಾರಿನಲ್ಲಿ ನೇರ ಗ್ರಹದ ಮೇಲೇ ಬಂದು ಅಪ್ಪಳಿಸುತ್ತವೆ.

ಅಪ್ಪಳಿಸಿದಾಗ ಏನಾಗುತ್ತದೆ ಎಂಬುದನ್ನು ಕೇರಂ ಆಡಿದವರಿಗೆ ವಿವರಿಸಬೇಕಿಲ್ಲ. ನಡುವೆ ಜೋಡಿಸಿಟ್ಟ ಕಾಯಿಗಳಿಗೆ ಸ್ಟ್ರೈಕರ್ ಬಡಿದ ಹಾಗೆ. ಮೇಲಿನಿಂದ ಬಂದ ಭಾರದ, ವೇಗದ ಅಯಾನು ಮೇಲ್ಪದರದ ಪರಮಾಣುಗಳನ್ನು ಚದುರಿಸುತ್ತದೆ. ಅವುಗಳಲ್ಲಿ ಕೆಲವು ಮೇಲಕ್ಕೆ ಚಿಮ್ಮಿ ಬೋರ್ಡಿನಿಂದಲೇ ಹೊರಗೆ ಹೋಗುತ್ತವೆ. ಇದನ್ನು ಚಿಮ್ಮು ನಷ್ಟ ಎಂದು ಕರೆಯೋಣ. ಇದರ ವಿಶೇಷವೆಂದರೆ ಚಿಮ್ಮುವ ಪರಮಾಣುವಿಗೆ ಆವೇಶ ಇರಬೇಕಿಲ್ಲ. ಟಿಕೆಟ್ ಇಲ್ಲದವರನ್ನೂ ಸೌರ ಮಾರುತ ಹೊರಹಾಕುವ ದಾರಿ ಇದು.

ಆ ಕಾರಣಕ್ಕೇ ಆರ್ಗಾನ್ ಇಲ್ಲಿ ಮುಖ್ಯ ಸಾಕ್ಷಿಯಾಗುತ್ತದೆ. ಆರ್ಗಾನ್ ಯಾರೊಂದಿಗೂ ಸೇರದ ಅನಿಲ. ಬಂಡೆಯೊಂದಿಗೆ ಬೆರೆಯದು, ಮಂಜಾಗಿ ಧ್ರುವಕ್ಕೆ ಇಳಿಯದು, ರಾಸಾಯನಿಕ ಕ್ರಿಯೆಗೆ ಒಗ್ಗದು. ಮಂಗಳನಿಂದ ಅದು ಕಾಣೆಯಾಗಿದ್ದರೆ, ಚಿಮ್ಮಿಯೇ ಹೋಗಿರಬೇಕು. ಕಾಣೆಯಾಗಿದೆಯೇ ಎಂದು ತಿಳಿಯುವುದು ಹೇಗೆ? ಆರ್ಗಾನ್‌ನಲ್ಲಿ 36ರ ತೂಕದ್ದೂ 38ರ ತೂಕದ್ದೂ ಇವೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಮುಂದಿನದು ಹೇಳದೆಯೇ ಗೊತ್ತಾಗುತ್ತದೆ. ಮೊರ ಎತ್ತಿ ಹಿಡಿದು ಸುರಿದರೆ ಹೊಟ್ಟು ಗಾಳಿಯ ಪಾಲು, ಕಾಳು ಕಾಲಬುಡಕ್ಕೆ. ಮಂಗಳನ ಮೇಲ್ಪದರದಲ್ಲಿ ಗುರುತ್ವವೇ ಮೊದಲು ಹಗುರದ್ದನ್ನು ಮೇಲೆ, ಭಾರದ್ದನ್ನು ಕೆಳಗೆ ಇರಿಸಿದೆ. ಸೌರ ಮಾರುತದ ಏಟು ಬೀಳುವುದು ಮೇಲಿನದಕ್ಕೆ. ಹಾಗೆ ಕೋಟಿಗಟ್ಟಲೆ ವರ್ಷ ತೂರಿದರೆ ಉಳಿದ ರಾಶಿಯಲ್ಲಿ ಭಾರದ ಆರ್ಗಾನ್‌ನ ಪಾಲು ಹೆಚ್ಚಬೇಕು.

ಹೆಚ್ಚಿದೆ. ಸೌರವ್ಯೂಹದ ಮೂಲ ಸರಕಿನಲ್ಲಿ ಹಗುರ ಆರ್ಗಾನ್ ಭಾರದ್ದರ ಐದೂವರೆ ಪಟ್ಟು ಇತ್ತು. ಮಂಗಳನ ನೆಲದ ಮೇಲೆ ಓಡಾಡುತ್ತಿರುವ ಕ್ಯೂರಿಯಾಸಿಟಿ ಬಂಡಿ ಗಾಳಿಯನ್ನು ಹೀರಿ ಅಳೆದಾಗ ಸಿಕ್ಕಿದ್ದು 4.2 ಪಟ್ಟು. ಮೇಲಿನ ಪದರಗಳಲ್ಲಿ ಈ ಅನುಪಾತ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ಮೇವನ್ ಅಳೆಯಿತು. ಎರಡನ್ನೂ ಸೇರಿಸಿ 2017ರಲ್ಲಿ ಬ್ರೂಸ್ ಜಕೋಸ್ಕಿ ಮತ್ತು ಸಂಗಡಿಗರು ಲೆಕ್ಕ ಒಪ್ಪಿಸಿದರು: ಮಂಗಳನ ಗಾಳಿಗೆ ಸೇರಿದ್ದ ಆರ್ಗಾನ್‌ನಲ್ಲಿ ಸುಮಾರು ಶೇ 65 ಬಾಹ್ಯಾಕಾಶಕ್ಕೆ ಹೋಗಿದೆ. ಅಲುಗಾಡದ ಆರ್ಗಾನ್‌ಗೇ ಈ ಪಾಡಾದರೆ ಇಂಗಾಲದ ಡೈಆಕ್ಸೈಡ್‌ಗೆ ಏನಾಗಿರಬೇಡ! ಇದು ಹಳೆಯ ಹೆಜ್ಜೆ ಗುರುತುಗಳನ್ನು ನೋಡಿ ಕಳ್ಳನನ್ನು ಊಹಿಸಿದಂತೆ. ಕಳ್ಳನನ್ನು ಕೈಯಾರೆ ಹಿಡಿದದ್ದು ತೀರ ಈಚೆಗೆ. ಒಂಬತ್ತು ವರ್ಷಗಳಿಗೂ ಹೆಚ್ಚಿನ ಮೇವನ್ ದತ್ತಾಂಶವನ್ನು ಜಾಲಾಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಯಾನುಗಳು ಎಲ್ಲಿ ಅಪ್ಪಳಿಸುತ್ತವೆಯೋ ಅಲ್ಲೇ ಮೇಲ್ಭಾಗದಲ್ಲಿ ಆರ್ಗಾನ್ ಚಿಮ್ಮಿ ನಿಂತಿರುವುದನ್ನು ತೋರಿಸಿತು. ಅದರ ಪ್ರಮಾಣ ಹಿಂದೆ ಅಂದಾಜಿಸಿದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು.

ಆರ್ಗಾನ್‌ನ ಕಥೆಯಲ್ಲಿ ನಮ್ಮವರ ಪಾಲೂ ಇದೆ. ಮೇವನ್ ಮಂಗಳನ ಕಕ್ಷೆ ಸೇರಿದ ಎರಡೇ ದಿನಕ್ಕೆ, 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಇಸ್ರೋದ ಮಂಗಳಯಾನವೂ ಅಲ್ಲಿಗೆ ತಲುಪಿತ್ತು. ಅದರ ಸಂಕೇತಗಳಿಗೆ ಕಿವಿಗೊಟ್ಟು ಕುಳಿತಿದ್ದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ದೊಡ್ಡ ಆಂಟೆನಾ. ಆ ನೌಕೆ ತೆಗೆದ ಕೆಂಪು ಗೋಳದ ಚಿತ್ರ ಎಲ್ಲರ ಮೊಬೈಲ್‌ಗೂ ಬಂತು. ಅದರಲ್ಲಿದ್ದ ಮೆಂಕಾ ಎಂಬ ಸಣ್ಣ ಉಪಕರಣದ ಹೆಸರನ್ನು ಕೇಳಿದವರು ಕಡಿಮೆ. ತಿರುವನಂತಪುರದಲ್ಲಿ ತಯಾರಾದ ಈ ತೂಕಮಾಪಕ, ನೌಕೆ ಗ್ರಹಕ್ಕೆ ಹತ್ತಿರವಾದಾಗ ಮೇಲ್ಪದರದ ಅನಿಲಗಳನ್ನು ಎಣಿಸುತ್ತಿತ್ತು. ಅಲ್ಲಿನ ಆರ್ಗಾನ್ ಪರಮಾಣುಗಳಲ್ಲಿ ಕೆಲವು ನಿರೀಕ್ಷೆಗಿಂತ ಹೆಚ್ಚು ಬಿಸಿಯಾಗಿವೆ, ಎಂದರೆ ಹೆಚ್ಚು ವೇಗದಲ್ಲಿವೆ ಎಂದು ಅದು ಕಂಡುಕೊಂಡಿತು. ಮೇಲ್ಪದರದ ಪರಮಾಣುಗಳಿಗೆ ಎಲ್ಲಿಂದಲೋ ಶಕ್ತಿ ಸಿಗುತ್ತಿದೆ ಎಂಬುದಕ್ಕೆ ಅದೂ ಒಂದು ಸುಳಿವು.

ಸೋರಿಕೆಯ ಪ್ರಮಾಣ ಎಷ್ಟು? ಸೌರ ಮಾರುತ ಮಂಗಳನಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಅಯಾನುಗಳನ್ನು ಕಿತ್ತೊಯ್ಯುತ್ತಿದೆ ಎಂದು ಮೇವನ್ ತಂಡ 2015ರಲ್ಲಿ ತಿಳಿಸಿತು. ಒಂದು ಬಿಸ್ಕತ್ತಿನ ಪೊಟ್ಟಣದಷ್ಟು. ದಿನಕ್ಕೆ ಎಂಟೂವರೆ ಟನ್, ವರ್ಷಕ್ಕೆ ಮೂರು ಸಾವಿರ ಟನ್‌ಗೆ ತುಸು ಹೆಚ್ಚು. ಭಯಂಕರ ಎನಿಸುತ್ತದೆ. ಆದರೆ ಮಂಗಳನಲ್ಲಿ ಈಗ ಉಳಿದಿರುವ ಬಡಕಲು ವಾತಾವರಣದ ತೂಕವೇ ಸುಮಾರು 25 ಲಕ್ಷ ಕೋಟಿ ಟನ್. ಕಾಗದ ಪೆನ್ಸಿಲ್ ಹಿಡಿದು ಭಾಗಿಸಿ ನೋಡಿ: ಈ ವೇಗದಲ್ಲಿ ಇದು ಖಾಲಿಯಾಗಲು 800 ಕೋಟಿ ವರ್ಷ ಬೇಕು. ಮಂಗಳನ ವಯಸ್ಸೇ 450 ಕೋಟಿ ವರ್ಷ. ಇಂದಿನ ದರದಲ್ಲಿ ಅಂದಿನ ದಟ್ಟ ವಾತಾವರಣ ಹೋಗಿದ್ದರೆ ಲೆಕ್ಕ ಕೂಡುವುದೇ ಇಲ್ಲ.

ಲೆಕ್ಕ ಕೂಡಿಸಲು ಎರಡು ಸಂಗತಿ ಬೇಕು. ಒಂದು, ಆವೇಶವಿಲ್ಲದ ಪರಮಾಣುಗಳ ಸೋರಿಕೆಯನ್ನೂ ಸೇರಿಸಿದರೆ ಮೊತ್ತ ಸೆಕೆಂಡಿಗೆ ಎರಡು ಮೂರು ಕಿಲೋಗ್ರಾಂ ಆಗುತ್ತದೆ. ಇದರಲ್ಲಿ ನೀರಾವಿಯಿಂದ ಒಡೆದ ಜಲಜನಕ ಇದೆ. ಜೊತೆಗೆ ತನ್ನಷ್ಟಕ್ಕೆ ಸಿಡಿದು ಹೋಗುವ ಆಮ್ಲಜನಕವೂ ಇದೆ. ಈ ಸಿಡಿತ ಸ್ವಾರಸ್ಯಕರ. ಮಂಗಳನ ಅಯಾನುಗೋಳದಲ್ಲಿ ಹೆಚ್ಚಾಗಿರುವುದು ಎರಡು ಪರಮಾಣುಗಳು ಅಂಟಿಕೊಂಡ ಆಮ್ಲಜನಕದ ಅಯಾನು. ಅದಕ್ಕೆ ಎಲೆಕ್ಟ್ರಾನ್ ಮರಳಿ ಸೇರಿದಾಗ ಜೋಡಿ ಮುರಿದು, ಎರಡೂ ಪರಮಾಣುಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಆ ವೇಗ ಮಂಗಳನಿಂದ ಪಾರಾಗಲು ಸಾಕು; ಶುಕ್ರನಿಂದಲೋ ಭೂಮಿಯಿಂದಲೋ ಪಾರಾಗಲು ಸಾಲದು. ಮಂಗಳನ ದುರದೃಷ್ಟ ಅದರ ಗಿಡ್ಡ ಬೇಲಿಯಲ್ಲೇ ಇದೆ. ಇಲ್ಲಿ ಸೌರ ಮಾರುತದ ಪಾತ್ರವೇ ಇಲ್ಲ, ಎಲ್ಲವೂ ಬೆಳಕಿನ ಕೆಲಸ ಎಂಬುದನ್ನು ಊದಿಬಿಟ್ಟಿತು ಎನ್ನುವವರು ಮರೆಯುತ್ತಾರೆ.

ಎರಡನೆಯ ಸಂಗತಿ ಸೂರ್ಯನ ಯೌವನ. ಎಳೆಯ ಸೂರ್ಯನ ಒಟ್ಟು ಬೆಳಕು ಇಂದಿಗಿಂತ ಕಡಿಮೆ ಇದ್ದರೂ ಅತಿನೇರಳೆ ಕಿರಣಗಳು ಹಲವು ಪಟ್ಟು ಹೆಚ್ಚಿದ್ದವು, ಸೌರ ಬಿರುಗಾಳಿಗಳೂ ಪದೇ ಪದೇ ಏಳುತ್ತಿದ್ದವು. ಬಿರುಗಾಳಿಯ ಪರಿಣಾಮ ಎಂಥದೆಂಬುದರ ರುಚಿ ಮೇವನ್‌ಗೆ 2015ರ ಮಾರ್ಚ್‌ನಲ್ಲೇ ಸಿಕ್ಕಿತು. ಸೂರ್ಯ ಉಗುಳಿದ ದೊಡ್ಡ ಮೋಡವೊಂದು ಮಂಗಳನಿಗೆ ಬಡಿದಾಗ ಅಯಾನುಗಳ ಸೋರಿಕೆ ಹತ್ತು ಪಟ್ಟು ಏರಿತು. ಇಂಥವು ದಿನನಿತ್ಯದ ಮಾತಾಗಿದ್ದ ಕಾಲವನ್ನು ಊಹಿಸಿಕೊಂಡರೆ ಲೆಕ್ಕ ಕೂಡುತ್ತದೆ. ಇಂದಿನ ಸೋರಿಕೆಯನ್ನು ಹಿಂದಕ್ಕೆ ಎಳೆದು ಕೂಡಿಸಿದಾಗ ಮಂಗಳ ಕನಿಷ್ಠ 0.8 ಬಾರ್‌ನಷ್ಟು ಇಂಗಾಲದ ಡೈಆಕ್ಸೈಡನ್ನು, ಎಂದರೆ ಭೂಮಿಯ ವಾಯು ಒತ್ತಡಕ್ಕೆ ಹತ್ತಿರದಷ್ಟನ್ನು, ಕಳೆದುಕೊಂಡಿರಬಹುದೆಂದು ಅಂದಾಜು. ಈಗ ಉಳಿದಿರುವುದು ನಮ್ಮ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಹಾಗಾದರೆ ಕಾಂತಕ್ಷೇತ್ರದ ಕೊಡೆ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತೇ? ಇಲ್ಲಿ ಶುಕ್ರ ಅಡ್ಡ ಬರುತ್ತದೆ. ಶುಕ್ರನಿಗೆ ಸ್ವಂತ ಕಾಂತಕ್ಷೇತ್ರವಿಲ್ಲ. ಅದು ಸೂರ್ಯನಿಗೆ ನಮಗಿಂತ ಹತ್ತಿರ, ಮಾರುತದ ಹೊಡೆತವೂ ಹೆಚ್ಚು. ಆದರೂ ಅದರ ವಾತಾವರಣದ ಒತ್ತಡ ಭೂಮಿಯದರ 90 ಪಟ್ಟು. ಕೊಡೆಯಿಲ್ಲದೆ ನಡುಮಳೆಯಲ್ಲಿ ನಿಂತು ಒಣಗಿಯೇ ಇರುವವನನ್ನು ನೋಡಿದರೆ ಕೊಡೆಯ ಬಗ್ಗೆ ಒಂದು ಅನುಮಾನ ಬರಲೇಬೇಕು. ಶುಕ್ರ ನೀರನ್ನು ಕಳೆದುಕೊಂಡಿದೆ, ಅದು ನಿಜ. ವೀನಸ್ ಎಕ್ಸ್‌ಪ್ರೆಸ್ ನೌಕೆ ಅಲ್ಲಿಂದ ಹೊರಹೋಗುವ ಜಲಜನಕ ಮತ್ತು ಆಮ್ಲಜನಕವನ್ನು ಎಣಿಸಿದಾಗ ಎರಡಕ್ಕೊಂದು, ನೀರಿನದೇ ಅನುಪಾತ. ಭಾರದ ಇಂಗಾಲದ ಡೈಆಕ್ಸೈಡ್ ಮಾತ್ರ ಕದಲದೆ ಕುಳಿತಿದೆ.

ಇತ್ತ ಕೊಡೆ ಹಿಡಿದ ಭೂಮಿಯೂ ಸೋರುತ್ತಿದೆ. ನಮ್ಮ ಕಾಂತಕ್ಷೇತ್ರದ ರೇಖೆಗಳು ಧ್ರುವಗಳ ಬಳಿ ಬಾಹ್ಯಾಕಾಶಕ್ಕೆ ತೆರೆದುಕೊಂಡಿವೆ. ಕೊಡೆಗೆ ಅಲ್ಲಿ ತೂತು. ಅಷ್ಟೇ ಅಲ್ಲ, ಕಾಂತಗೋಳ ಬಹಳ ದೊಡ್ಡದಾದ್ದರಿಂದ ಅದು ಸೌರ ಮಾರುತದ ಹೆಚ್ಚು ಶಕ್ತಿಯನ್ನು ಹಿಡಿದು, ಆಲಿಕೆಯಂತೆ ಧ್ರುವಗಳ ಕಡೆಗೇ ಸುರಿಯುತ್ತದೆ. ಅಲ್ಲಿಂದ ಜಲಜನಕ, ಆಮ್ಲಜನಕದ ಅಯಾನುಗಳು ದಿನಕ್ಕೆ ಹತ್ತಾರು ಟನ್ ಮೇಲೇರುತ್ತವೆ. ಭೂಮಿ, ಶುಕ್ರ, ಮಂಗಳ ಮೂರೂ ಇಂದು ಕಳೆದುಕೊಳ್ಳುವ ಅಯಾನುಗಳ ಮೊತ್ತದಲ್ಲಿ ಭಾರಿ ಅಂತರವೇನೂ ಇಲ್ಲ ಎಂಬುದು ಈ ವಿಷಯದ ತಜ್ಞರನ್ನೇ ಎರಡು ಪಾಳೆಯ ಮಾಡಿದೆ. ಕಾಂತಕ್ಷೇತ್ರ ಕಾಯುತ್ತದೆ ಎನ್ನುವವರೂ ಇದ್ದಾರೆ, ಆಲಿಕೆಯ ವಾದದವರೂ ಇದ್ದಾರೆ. ನನ್ನ ಒಲವು ಎರಡನೆಯವರ ಕಡೆಗೆ ತುಸು ಹೆಚ್ಚು. ಭೂಮಿಯ ಗಾಳಿಯನ್ನು ಮೊದಲು ಕಾಯುತ್ತಿರುವುದು ಅದರ ಗುರುತ್ವ.

ಭೂಮಿಯ ಧ್ರುವಗಳ ಮೇಲೆ ಅಯಾನುಗಳನ್ನು ಎತ್ತಿಕೊಡುವ ಶಕ್ತಿ ಎಷ್ಟು ಚಿಕ್ಕದೆಂಬುದು ಇನ್ನೊಂದು ಬೆರಗು. ಹಗುರವಾದ ಎಲೆಕ್ಟ್ರಾನ್‌ಗಳು ಮೇಲಕ್ಕೆ ಹಾರಲು ಹವಣಿಸುತ್ತವೆ, ಭಾರದ ಅಯಾನುಗಳು ಕೆಳಗೆ ಜಗ್ಗುತ್ತವೆ. ಈ ಎಳೆದಾಟದಲ್ಲಿ ಒಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ನಾರ್ವೆಯ ಸ್ವಾಲ್ಬಾರ್ಡ್‌ನಿಂದ 2022ರ ಮೇ ತಿಂಗಳಲ್ಲಿ ಹಾರಿಸಿದ ಎಂಡ್ಯೂರೆನ್ಸ್ ಎಂಬ ಸಣ್ಣ ರಾಕೆಟ್ ಇದನ್ನು ಅಳೆಯಿತು. ನೂರಾರು ಕಿಲೋಮೀಟರ್ ಎತ್ತರದುದ್ದಕ್ಕೂ ಸೇರಿ ಸಿಕ್ಕಿದ್ದು 0.55 ವೋಲ್ಟ್. ಕೈಗಡಿಯಾರದ ಸೆಲ್ಲಿನಲ್ಲಿ ಇದಕ್ಕಿಂತ ಹೆಚ್ಚು ವೋಲ್ಟೇಜ್ ಇರುತ್ತದೆ. ಜಲಜನಕದ ಅಯಾನನ್ನು ಗುರುತ್ವದ ಹಿಡಿತದಿಂದ ಬಿಡಿಸಿ ಹೊರಕ್ಕೆ ಚಿಮ್ಮಿಸಲು ಇಷ್ಟೇ ಸಾಕು.

ಭೂಮಿಯಲ್ಲಿ ಸೌರ ಮಾರುತದ ಪರಿಣಾಮ ನಮ್ಮ ಜೇಬಿಗೆ ತಟ್ಟುವುದು ಸೋರಿಕೆಯಿಂದಲ್ಲ, ಉಬ್ಬರದಿಂದ. ಬಿರುಸಿನ ಮಾರುತ ಬಡಿದಾಗ ಧ್ರುವಗಳ ಮೇಲ್ಪದರದಲ್ಲಿ ಭಾರಿ ವಿದ್ಯುತ್ ಪ್ರವಾಹ ಹರಿದು, ಇಸ್ತ್ರಿಪೆಟ್ಟಿಗೆಯ ತಂತಿ ಕಾದಂತೆ ಗಾಳಿ ಕಾಯುತ್ತದೆ, ಕಾದು ಮೇಲೇರುತ್ತದೆ. 2022ರ ಫೆಬ್ರುವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲು ಸುಮಾರು 210 ಕಿಲೋಮೀಟರ್ ಎತ್ತರದಲ್ಲಿ ತಂಗಿದ್ದವು. ಅದೇ ಹೊತ್ತಿಗೆ ಒಂದು ಕಾಂತೀಯ ಬಿರುಗಾಳಿ, ಅದೂ ಸಾಧಾರಣ ಮಟ್ಟದ್ದು, ಎದ್ದಿತು. ಗಾಳಿಯ ತಡೆ ಹಿಂದಿನ ಉಡಾವಣೆಗಳಿಗಿಂತ ಶೇ 50ರವರೆಗೆ ಏರಿ, ನಲವತ್ತರ ಹತ್ತಿರದಷ್ಟು ಉಪಗ್ರಹಗಳು ಮರಳಿ ಬಿದ್ದು ಉರಿದುಹೋದವು. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ನಮ್ಮ ಹಳ್ಳಿಗಳಲ್ಲೂ ಎದ್ದ ಗಾಬರಿಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅದು ಅವಧಿಗೆ ಮುನ್ನ ಬಿದ್ದದ್ದೂ ಮೇಲ್ವಾತಾವರಣ ಉಬ್ಬಿದ್ದರಿಂದಲೇ. ಆದರೆ ಅಲ್ಲಿ ಮುಖ್ಯ ಕಾರಣ ಮಾರುತವಲ್ಲ, ಆ ವರ್ಷಗಳಲ್ಲಿ ಏರಿದ್ದ ಸೂರ್ಯನ ಅತಿನೇರಳೆ ಕಿರಣ. ಬೆಳಕು ಮತ್ತು ಮಾರುತ ಎಂಬ ಈ ಜೋಡಿಯನ್ನು ಬಿಡಿಸಿ ನೋಡುವುದೇ ಈ ವಿಷಯದ ಅರ್ಧ ಕಷ್ಟ.

ಕಣ್ಣಿಗೆ ಕಂಡ ಉದಾಹರಣೆ ಬೇಕಿದ್ದರೆ 2024ರ ಮೇ 10ರ ರಾತ್ರಿ. ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಉತ್ತರದ ದಿಗಂತ ಧ್ರುವಪ್ರಭೆಯಿಂದ ಕೆಂಪಾಯಿತು. ಅಲಾಸ್ಕಾದ ಚಿತ್ರಗಳಲ್ಲಿ ಕಾಣುವ ಹಸಿರು ಅಲ್ಲೇಕೆ ಇರಲಿಲ್ಲ? ಧ್ರುವಪ್ರಭೆಯ ಹಸಿರು ನೂರು, ನೂರೈವತ್ತು ಕಿಲೋಮೀಟರ್ ಎತ್ತರದ್ದು. ಕೆಂಪು 200 ಕಿಲೋಮೀಟರಿಗೂ ಮೇಲಿನದು. ಕೆಂಪು ಬೆಳಕು ಸೂಸಲು ಆಮ್ಲಜನಕದ ಪರಮಾಣುವಿಗೆ ಎರಡು ನಿಮಿಷದಷ್ಟು ನೆಮ್ಮದಿ ಬೇಕು. ಅಷ್ಟರೊಳಗೆ ಯಾರಾದರೂ ಡಿಕ್ಕಿ ಹೊಡೆದರೆ ಶಕ್ತಿ ಅವರ ಪಾಲಾಗುತ್ತದೆ. ಡಿಕ್ಕಿಯಿಲ್ಲದ ಆ ನೆಮ್ಮದಿ ಇರುವುದು ಬಹಳ ಮೇಲೆ ಮಾತ್ರ. ಹಾನ್ಲೆ ಧ್ರುವದಿಂದ ದೂರ. ಹಸಿರಿನ ಪದರ ಭೂಮಿಯ ಬಾಗಿನ ಹಿಂದೆ ಮರೆಯಾಗಿ, ಪ್ರಭೆಯ ನೆತ್ತಿಯಷ್ಟೇ ಕಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಮಂಗಳನ ನೆಲದಿಂದ ಪರ್ಸಿವಿಯರೆನ್ಸ್ ಬಂಡಿ ಮಸುಕಾದ ಹಸಿರು ಪ್ರಭೆಯನ್ನು ಸೆರೆಹಿಡಿಯಿತು. ಅಲ್ಲಿ ಕಣಗಳನ್ನು ಧ್ರುವಕ್ಕೆ ಸಾಗಿಸುವ ಆಲಿಕೆ ಇಲ್ಲ, ಆದ್ದರಿಂದ ಇಡೀ ಆಕಾಶವೇ ಒಂದೇ ಸಮನಾಗಿ ಮಿನುಗಿತು.

ಮಂಗಳನಿಗೆ ಕಾಂತಕ್ಷೇತ್ರ ಪೂರ್ತಿ ಇಲ್ಲವೆಂದೂ ಅಲ್ಲ. ಸುಮಾರು 400 ಕೋಟಿ ವರ್ಷಗಳ ಹಿಂದೆ ಅದರ ಒಡಲಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತಿದ್ದ ಡೈನಮೋ ನಿಂತಾಗ, ಅಂದಿನ ಕ್ಷೇತ್ರದ ನೆನಪು ದಕ್ಷಿಣಾರ್ಧದ ಬಂಡೆಗಳಲ್ಲಿ ಹೆಪ್ಪುಗಟ್ಟಿ ಉಳಿಯಿತು. ಅಲ್ಲಲ್ಲಿ ನಿಂತ ಈ ಪುಟ್ಟ ಕೊಡೆಗಳು ಗ್ರಹದೊಂದಿಗೆ 24 ಗಂಟೆ 37 ನಿಮಿಷಕ್ಕೊಮ್ಮೆ ಸುತ್ತುತ್ತವೆ. ಹಗಲಿನ ಕಡೆಗೆ ಬಂದಾಗ ಮಾರುತವನ್ನು ತುಸು ದೂರ ತಳ್ಳುತ್ತವೆ, ಇರುಳಿಗೆ ಸರಿದಾಗ ಆ ಜಾಗ ಬರಿದಾಗುತ್ತದೆ. ಅವು ಸೋರಿಕೆಯನ್ನು ತಗ್ಗಿಸುತ್ತವೆಯೋ ಹೊಸ ದಾರಿ ತೆರೆಯುತ್ತವೆಯೋ ಎಂಬ ಜಗಳ ಅಲ್ಲೂ ಇದೆ. ಜಗಳ ಬಗೆಹರಿಯದಿರಲು ಒಂದು ಸರಳ ತೊಡಕಿತ್ತು: ಮೇವನ್ ಒಂಟಿ. ಮಾರುತವನ್ನು ಅಳೆಯಲು ಅದು ಕವಚದ ಹೊರಗಿರಬೇಕು, ಸೋರಿಕೆಯನ್ನು ಅಳೆಯಲು ಒಳಗಿರಬೇಕು. ಒಳಗೆ ಹೋಗಿ ಬರುವಷ್ಟರಲ್ಲಿ ಹೊರಗಿನ ಹವೆ ಬದಲಾಗಿರುತ್ತದೆ. ಹಾಗಾಗಿ ಈ ಸಲ ಜೋಡಿ ನೌಕೆ. ಎಸ್ಕಪೇಡ್ ಹೆಸರಿನ ಈ ಅವಳಿಗಳು 2025ರ ನವೆಂಬರ್ 13ರಂದು ಹೊರಟಿವೆ, ಮಂಗಳನನ್ನು ತಲುಪುವುದು 2027ರಲ್ಲಿ. ಅವುಗಳ ಹೆಸರು ಬ್ಲೂ ಮತ್ತು ಗೋಲ್ಡ್. ಒಂದು ಕವಚದ ಹೊರಗೆ ನಿಂತು ಬೀಸುವುದನ್ನು ಅಳೆಯುವಾಗ, ಇನ್ನೊಂದು ಒಳಗೆ ನಿಂತು ಹಾರಿಹೋಗುವುದನ್ನು ಎಣಿಸಬಹುದು.